ದೊಡ್ಡಮ್ಮನ ಹುಣಸೆಹುಳಿ ಮತ್ತು ನನ್ನ ಕಾರಿನ ವೀಲು

ಸ್ನೇಹಿತರೇ, ಮನೆಗೆ ನೆಂಟರು ಬಂದಾಗ ಹುಣಸೆಹುಳಿಯ ಭರಣಿಗೆ ಬೀಗ ಹಾಕಿಡಿ!

ಇವತ್ತು ಬೆಳಿಗ್ಗೆಯಿಂದ ಅಂಗಳದಲ್ಲಿ ಕುಕ್ಕರುಗಾಲಲ್ಲಿ ಕೂತು ಕಾರಿನ ನಾಲ್ಕೂ ಅಲ್ಯೂಮಿನಿಯಂ ವೀಲುಗಳಿಗೆ ಮುಖ ಕಾಣುವಷ್ಟು ಪಾಲಿಶ್ ಮಾಡಿದ್ದೆ. ಮಳೆಗಾಲದಲ್ಲಿ ಹಾಳಾಗದಂತೆ ಮೇಲೊಂದು ಕೋಟು ವ್ಯಾಕ್ಸ್ ಬಳಿಯುವುದಷ್ಟೇ ಬಾಕಿ ಇತ್ತು. ಊಟ ಮುಗಿಸಿ ಬಂದು ನೋಡಿದರೆ, ನಿನ್ನೆ ಪೆರ್ಲದಿಂದ ಬಂದ ದೊಡ್ಡಮ್ಮ ಹುಣಸೆಹುಳಿ, ಬೂದಿ ಹಾಕಿ ನಾಲ್ಕನೆಯ ವೀಲನ್ನು ತಿಕ್ಕುತ್ತಿದ್ದಾರೆ! ಉಳಿದ ಮೂರರ ಹೊಳಪು ಸತ್ತು, ಮೈತುಂಬ ಕಲೆ.

“ದೊಡ್ಡಮ್ಮ, ಎಂತ ಮಾಡ್ತಾ ಇದ್ದೀರಿ? ಇದು ಅಲ್ಯೂಮಿನಿಯಂ!”

“ಪಾಪ, ನೀನೊಬ್ಬನೇ ಒದ್ದಾಡ್ತಿದ್ದಿ ಅಂತ ಬಂದೆ ಮಾರಾಯ. ದೇವರ ದೀಪ ನಾವು ಹೀಗೆಯೇ ತಿಕ್ಕುದಲ್ವಾ?”

ಅಲ್ಯೂಮಿನಿಯಂ ಪಾತ್ರೆಯಲ್ಲಿ ಸಾರು ಉಳಿಸಿದರೆ ಹುಳಿಗೆ ಪಾತ್ರೆ ಹಾಳಾಗುತ್ತದೆಂದು ಮನೆಮಂದಿಯನ್ನೆಲ್ಲ ಬೈಯುವ ದೊಡ್ಡಮ್ಮ ಇವರೇ! ಸಿಟ್ಟು ನುಂಗಿಕೊಂಡು, ವ್ಯಾಕ್ಸಾದರೂ ಬಳಿಯೋಣವೆಂದು ಡಬ್ಬಿ ತೆರೆದೆ. ಖಾಲಿ.

“ಅದನ್ನು ದೇವರ ದೀಪಗಳಿಗೆ ಬಳಿದೆ ಮಗಾ. ಬಳಿದರೆ ಹೊಳಪು ಹೋಗುದಿಲ್ಲ ಅಂತ ನೀನೇ ಹೇಳಿದ್ದಲ್ವಾ?”

ಈ ಮಳೆಗಾಲದಲ್ಲಿ ಎಂಥ ಕೆಸರು ರಸ್ತೆಗೂ ಹೆದರದೆ ಇಳಿಯಬಹುದಾದದ್ದು ನಮ್ಮ ಮನೆಯಲ್ಲಿ ದೇವರ ದೀಪ ಮಾತ್ರ.