ನೀರು ಕುಡಿಯುವ ಇಂಜಿನ್

ಅಪ್ಪನದೆಂದು ನನ್ನ ಬಳಿ ಇದ್ದ ನೆನಪು ಒಂದೇ. ನಾನು ಅವರ ಹೆಗಲ ಮೇಲಿದ್ದೇನೆ. ಎದುರಿಗೆ ರಸ್ತೆ ತುಳಿಯುವ ಉಗಿ ಇಂಜಿನ್ ನಿಂತಿದೆ. ಅದರ ದಪ್ಪ ಪೈಪು ಕೆರೆಗೆ ಇಳಿದಿದೆ. "ನೋಡಲ್ಲೇ, ನೀರ ಕುಡ್ಯಾಕತ್ತೈತಿ" ಎನ್ನುತ್ತದೆ ಒಂದು ದನಿ. ನನಗೆ ಮೂರು ತುಂಬುವ ಮೊದಲೇ ಅಪ್ಪ ತೀರಿಕೊಂಡರು. ಅಷ್ಟು ಸಣ್ಣ ಮಗುವಿಗೆ ಇಷ್ಟೆಲ್ಲ ನೆನಪಿರುವುದುಂಟೇ ಎಂದು ಓದಿಕೊಂಡ ಬುದ್ಧಿ ಕೇಳುತ್ತಿತ್ತು. ಕೇಳಲಿ ಎಂದು ಬಿಟ್ಟಿದ್ದೆ. ಅದು ಹೋದರೆ ನನಗೆ ಬೇರೆ ಅಪ್ಪ ಇರಲಿಲ್ಲ.

ಹೊಸ ಸಹಸ್ರಮಾನಕ್ಕೆ ಕಂಪ್ಯೂಟರುಗಳೆಲ್ಲ ಕೆಟ್ಟು ನಿಲ್ಲುತ್ತವೆ, ವೈಟೂಕೆ ಎಂದು ಎಲ್ಲರೂ ಹೆದರಿದ್ದ ವರ್ಷದ ಬೇಸಿಗೆ. ಗಂಡನಿಗೆ ಶನಿವಾರವೂ ಆಫೀಸು. ಹುಬ್ಬಳ್ಳಿಯಿಂದ ಬಂದಿದ್ದ ಅವ್ವನನ್ನು ಕೂರಿಸಿಕೊಂಡು, ಪರದೇಶದಲ್ಲಿ ನಾವು ನೆಲೆಸಿದ್ದ ಪಾರ್ಸಿಪನಿಯಿಂದ ಪಶ್ಚಿಮಕ್ಕೆ, ಹಳೆಯ ಉಗಿ ಇಂಜಿನ್‌ಗಳ ಪ್ರದರ್ಶನಕ್ಕೆ ಡ್ರೈವ್ ಮಾಡಿದೆ.

"ಜಾತ್ರಿ ಅಂತ ಕರಕೊಂಡ ಬಂದಿ. ಇಲ್ಲಿ ನೋಡಿದ್ರ ಬರೇ ಕಬ್ಬಿಣ!" ಎಂದಳು ಅವ್ವ.

ಮೆಕ್ಕೆಜೋಳದ ಹೊಲದ ಪಕ್ಕ ಅವು ಸಾಲಾಗಿ ನಿಂತಿದ್ದವು. ಹೊಸ ಕೆಂಪು ಬಣ್ಣ, ಉಜ್ಜಿದ ಹಿತ್ತಾಳೆ, ನಮಗಿಂತ ಎತ್ತರದ ಹಿಂದಿನ ಗಾಲಿಗಳು. ಚಿಮಣಿಯ ಬಿಸಿಗೆ ಆಚೆಯ ಹೊಲವೆಲ್ಲ ನೀರಿನಲ್ಲಿ ಕಂಡಂತೆ ನಡುಗುತ್ತಿತ್ತು. ಒಂದು ದೊಡ್ಡ ಚಕ್ರ ಯಾವ ಅವಸರವೂ ಇಲ್ಲದೆ ತಿರುಗುತ್ತಲೇ ಇತ್ತು. ಕಲ್ಲಿದ್ದಲಿನ ಹೊಗೆ, ಕಾದ ಎಣ್ಣೆಯ ವಾಸನೆ. ಎಷ್ಟು ಹೊತ್ತು ನಿಂತೆವೋ ತಿಳಿಯದು.

ಒಬ್ಬ ಮುದುಕ ಇಂಜಿನ್ನಿನ ಪೈಪನ್ನು ತೊಟ್ಟಿಗೆ ಇಳಿಬಿಟ್ಟ. ತೊಟ್ಟಿಯ ನೀರು ಇಳಿಯತೊಡಗಿತು.

"ನೋಡಲ್ಲೇ, ನೀರ ಕುಡ್ಯಾಕತ್ತೈತಿ!"

ಅವ್ವನ ಮಾತು. 'ನೀರ' ಎಂಬಲ್ಲಿ ಅದೇ ಎಳೆತ, ಕೊನೆಯಲ್ಲಿ ಅದೇ ನಗು.

"ಅವ್ವಾ, ಇದು ಅಪ್ಪ ಹೇಳಿದ್ದಲ್ಲೇನು? ಕೆರಿ ದಂಡಿ ಮ್ಯಾಲೆ? ನಾ ಅವರ ಹೆಗಲಮ್ಯಾಲೆ ಕುಂತಿದ್ನಲ್ಲ?"

"ಯಾರ ಹೇಳಿದ್ರು ನಿನಗ? ನೀ ಇದ್ದದ್ದು ನನ್ನ ಬಗಲಾಗ. ಹೇಳಿದಾಕಿನೂ ನಾನ."

"ಅಪ್ಪ ಎಲ್ಲಿದ್ರು?"

"ಅಲ್ಲೇ ದೂರ, ಹುಣಸಿ ಗಿಡದ ಹಿಂದ. ಇಂಜಿನ್ ಸೀಟಿ ಅಂದ್ರ ಅಂಜಿಕಿ ಅವರಿಗೆ! 'ಏನ್ರೀ, ಕೂಸು ಸೈತ ಅಂಜವಲ್ದು' ಅಂತ ನಾ ಕಾಡಿಸ್ತಿದ್ದೆ."

ಇದ್ದ ಒಬ್ಬ ಅಪ್ಪನೂ ಹೆಗಲು ಸಮೇತ ಹೋದರು. ಅವ್ವನ ನೆನಪನ್ನಾದರೂ ಯಾಕೆ ನಂಬಬೇಕು ಎನಿಸಿತು. ಅವಳೂ ಇಷ್ಟು ವರ್ಷದಲ್ಲಿ ಏನೇನು ಸೇರಿಸಿಕೊಂಡಿದ್ದಾಳೋ. ಆದರೆ ನಾನು ಕಟ್ಟಿಕೊಂಡ ಅಪ್ಪ ಯಾವುದಕ್ಕೂ ಹೆದರುತ್ತಿರಲಿಲ್ಲ. ಹೆದರುವ ಮನುಷ್ಯನನ್ನು ನೋಡಬೇಕೆನಿಸಿತು.

"ಹೆಂಗ ನಿಂತಿದ್ರು?"

ಅವ್ವ ತನ್ನ ಚೀಲ ನನ್ನ ಕೈಗೆ ಕೊಟ್ಟಳು. ಎರಡೂ ಕಿವಿ ಮುಚ್ಚಿಕೊಂಡು, ಮೊಣಕೈ ಅಗಲಿಸಿ, ಒಂದು ಕಣ್ಣು ಬಿಗಿಯಾಗಿ ಮುಚ್ಚಿ ನಿಂತಳು. ಉಗಿ ನಮ್ಮಿಬ್ಬರ ನಡುವೆ ಹಾದುಹೋಯಿತು.

"ಹಿಂಗ."

ಅಷ್ಟರಲ್ಲಿ ಇಂಜಿನ್ ನಿಜವಾಗಿಯೂ ಕೂಗಿತು. ಅವ್ವ ಕೈ ತೆಗೆಯಲಿಲ್ಲ. ನಾನು ಕಣ್ಣು ಮಿಟುಕಿಸದೆ ನೋಡುತ್ತಿದ್ದೆ.