ಮೂವತ್ತೆರಡನೆಯ ಅಂತಸ್ತಿನ ಮಡಿಪಂಚೆ

ನನ್ನ ನಾಲಗೆಗೆ ಮಂತ್ರ ಕಲಿಸಿದ ಗುರುಗಳಿಗೂ, ನಮ್ಮ ಅನ್ನಕ್ಕೆ ನೀರಾದ ತುಂಗಭದ್ರೆಗೂ, ಎಪ್ಪತ್ತು ದಾಟಿದ ಮೇಲೂ ನೆನಪನ್ನು ಉಳಿಸಿರುವ ಪರಮಾತ್ಮನಿಗೂ ಮೊದಲು ಕೃತಜ್ಞತೆಯಿಂದ ತಲೆಬಾಗುತ್ತೇನೆ. ಇನ್ನು ಹೇಳಲಿರುವುದು ನನಗೆ ಕೀರ್ತಿ ತರುವ ಸಂಗತಿಯಲ್ಲ.

ನವಲಿಯ ಸುತ್ತಮುತ್ತ ಬಹುಕಾಲ ಶ್ರಾದ್ಧ ಮಾಡಿಸಿದವನು ನಾನು. ಪಿತೃಗಳು ಬಂದು ತೃಪ್ತರಾಗುತ್ತಾರೆಂದು ಯಜಮಾನರಿಗೆ ಹೇಳುತ್ತಲೇ ಬಂದೆ. ಆದರೆ ಸತ್ತವರು ಮನೆಯಲ್ಲಿ ಸುಳಿದರೆಂದು ಯಾರಾದರೂ ಹೇಳಿಕೊಂಡು ಬಂದರೆ, ಹೊಟ್ಟೆ ತುಂಬ ಉಂಡು ಮಲಗಿರೆಂದು ಕಳುಹಿಸುತ್ತಿದ್ದೆ. ಅಂಥದ್ದನ್ನು ನಾನು ನಂಬಿದವನಲ್ಲ.

ಕೆಲವು ವರ್ಷಗಳ ಹಿಂದೆ ಗಂಗಾವತಿಯ ಅಕ್ಕಿ ಗಿರಣಿ ಮಾಲೀಕರೊಬ್ಬರು ಮಗಳ ಮದುವೆಯನ್ನು ಬ್ಯಾಂಕಾಕಿನ ಭಾರಿ ಹೋಟೆಲಿನಲ್ಲಿ ಇಟ್ಟುಕೊಂಡು, ಮನೆಯ ಪುರೋಹಿತನೆಂದು ನನ್ನನ್ನೂ ಕರೆದೊಯ್ದರು. ನನಗೆ ಕೊಟ್ಟ ಕೋಣೆ ಮೂವತ್ತೆರಡನೆಯ ಅಂತಸ್ತಿನಲ್ಲಿ. ಕಿಟಕಿಯನ್ನು ತೆರೆಯಲು ಬಾರದು. ಕೆಳಗೆ ವಾಹನಗಳು ಸದ್ದಿಲ್ಲದೆ ಹರಿಯುತ್ತಿದ್ದವು. ಮುಹೂರ್ತಕ್ಕೆ ಉಡಬೇಕಾದ ಪಂಚೆಯನ್ನು ಹಿಂದಿನ ಸಂಜೆ ನಾನೇ ಒಗೆದು, ಸ್ನಾನದ ಕೋಣೆಯಲ್ಲಿ ದಾರ ಕಟ್ಟಿ ಹರವಿದೆ. ಅದನ್ನು ಬೇರೆಯವರು ಮುಟ್ಟಿದರೆ ಮಡಿ ಕೆಡುತ್ತದೆ. ಊರಲ್ಲಿ ಕೋಲಿನಿಂದಲೇ ಎತ್ತಿಕೊಳ್ಳುವುದು ನಮ್ಮ ಪದ್ಧತಿ. ನನ್ನ ಆತಂಕ ಕಂಡು ಗಿರಣಿ ಮಾಲೀಕರ ತಮ್ಮ ನಕ್ಕ.

“ಆಚಾರ್ರ, ಇಷ್ಟ ಎತ್ತರಕ್ಕ ಹದ್ದು ಸುದ್ದಾ ಬರಂಗಿಲ್ಲ. ನಿಮ್ಮ ಪಂಚಿ ಯಾರ ಮುಟ್ತಾರ್ರಿ?”

ಮರುದಿನ ಬೆಳಿಗ್ಗೆ ಸಂಧ್ಯಾವಂದನೆ ಮುಗಿಸಿ, ಮಂಟಪ ನೋಡಿಬರಲು ಕೆಳಗಿಳಿದೆ. ಅರ್ಧ ಗಂಟೆಯಲ್ಲಿ ಮರಳಿದಾಗ ದಾರ ಬರಿದಾಗಿತ್ತು. ಪಂಚೆಯನ್ನು ಯಾರೋ ಮಡಚಿ ಕುರ್ಚಿಯ ಮೇಲೆ ಇಟ್ಟಿದ್ದರು.

ಸಿಟ್ಟು ನೆತ್ತಿಗೇರಿತು. ಹೊರಗೆ ಕೋಣೆಗಳನ್ನು ಸ್ವಚ್ಛಗೊಳಿಸುವ ಹೆಂಗಸೊಬ್ಬಳು ತನ್ನ ಗಾಡಿಯೊಡನೆ ನಿಂತಿದ್ದಳು. ಪಂಚೆಯನ್ನು ಒಯ್ದು ಆಕೆಯ ಮುಖದೆದುರು ಕೊಡವಿದೆ.

“ಒಳಗ ಬರಬ್ಯಾಡ ಅಂತ ಬಾಗಲಿಗೆ ಹಲಗಿ ತೂಗ ಹಾಕೀನಿ, ಕಾಣಂಗಿಲ್ಲೇನು ನಿನಗ?”

ಆಕೆಗೆ ಒಂದು ಅಕ್ಷರವೂ ತಿಳಿಯಲಿಲ್ಲ. ಕೈ ಜೋಡಿಸಿ ಮತ್ತೆ ಮತ್ತೆ ಬಾಗಿದಳು. ಮಾಲೀಕರ ತಮ್ಮ ಓಡಿಬಂದು ಹೋಟೆಲಿನ ಮ್ಯಾನೇಜರನನ್ನು ಕರೆಸಿದ. ನನ್ನ ಕಣ್ಣೆದುರಿಗೇ ಆಕೆಯ ಎದೆಯ ಮೇಲಿನ ಬಿಲ್ಲೆಯನ್ನು ಬಿಚ್ಚಿಸಿಕೊಂಡು, ಕೆಲಸದಿಂದ ತೆಗೆದು ಕಳುಹಿಸಿದರು. ನಾನು ಪಂಚೆಯನ್ನು ಮತ್ತೆ ನೀರಲ್ಲಿ ಜಾಲಿಸಿ ಹಿಂಡಿ, ಒದ್ದೆಯಲ್ಲೇ ಉಟ್ಟು ಮಾಂಗಲ್ಯಧಾರಣೆ ಮಾಡಿಸಿದೆ. ಆಚಾರ ಉಳಿಸಿಕೊಂಡೆನೆಂಬ ಹೆಮ್ಮೆಯೂ ಇತ್ತು.

ಊಟವಾದ ಮೇಲೆ ಮಾಲೀಕರ ತಮ್ಮ ಬಂದ.

“ಆಚಾರ್ರ, ಆ ಹೆಣ್ಮಗಳು ಒಳಗ ಬಂದೇ ಇಲ್ಲಂತ್ರಿ. ನಿನ್ನೆಯಿಂದ ನಿಮ್ಮ ಕೀಲಿ ಕಾರ್ಡ್ ಬಿಟ್ರ ಬ್ಯಾರೆ ಯಾವುದ್ಕೂ ಬಾಗ್ಲಾ ತೆಗದಿಲ್ಲ. ಮಷಿನ್ಯಾಗ ಎಲ್ಲಾ ಬರದೈತಿ.”

“ಹಂಗಾದ್ರ ಮಡಚಿದವರು ಯಾರಪಾ?”

“ನೀವ ಮಡಚಿ ಮರತೀರೇನು? ವಯಸ್ಸಾತಲ್ರಿ!”

ನಾನೂ ಹಾಗೆಂದುಕೊಳ್ಳಲು ಯತ್ನಿಸಿದೆ. ಆಗ, ಬೆಳಿಗ್ಗೆ ಸಿಟ್ಟಿನಲ್ಲಿ ಕೊಡವಿ ಬಿಚ್ಚಿದ ಆ ಮಡಿಕೆ ಕಣ್ಣಿಗೆ ಕಟ್ಟಿತು. ಅಂಚು ಒಳಗಾಗಿ, ಕೋಲಿಗೆ ಸಿಗುವಂತೆ ಒಂದು ತುದಿ ಕುಣಿಕೆಯಾಗಿ ಹೊರಗೆ ಉಳಿದಿತ್ತು. ತಾನೂ ಮಡಿಯಲ್ಲಿದ್ದು ಹಾಗೆ ಮಡಚುತ್ತಿದ್ದವಳು ನನ್ನ ಪತ್ನಿಯೊಬ್ಬಳೇ. ಆ ಕುಣಿಕೆ ಹಾಕಲು ನನಗೆ ಎಂದೂ ಬಂದಿಲ್ಲ. ಆಕೆ ತೀರಿಕೊಂಡು ಆಗಲೇ ಆರು ವರ್ಷಗಳಾಗಿದ್ದವು.

ಹೆದರಿಕೆಗಿಂತ ಮೊದಲು ನಾಚಿಕೆ ಬಂತು. ಕೆಳಗೆ ಹೋಗಿ, ತಪ್ಪು ನನ್ನದು, ಆ ತಾಯಿಯನ್ನು ಕರೆಸಿರಿ, ಕ್ಷಮೆ ಬೇಡುತ್ತೇನೆ ಎಂದು ಮಾಲೀಕರ ತಮ್ಮನ ಮೂಲಕ ಹೇಳಿಸಿದೆ. ಮ್ಯಾನೇಜರ್ ನಗುತ್ತ, ಆಗಲಿ ಎಂಬಂತೆ ತಲೆಯಾಡಿಸಿದ. ಆದರೆ ಆಕೆ ಆಗಲೇ ಹೊರಟುಹೋಗಿದ್ದಳು. ಮರುದಿನ ನಮ್ಮ ವಿಮಾನವಿತ್ತು. ಆಮೇಲೆ ಎರಡು ಬಾರಿ ವಿಚಾರಿಸಿದರೂ, ಆಕೆಯನ್ನು ಮರಳಿ ಸೇರಿಸಿಕೊಂಡರೋ ಇಲ್ಲವೋ ಎಂಬುದು ತಿಳಿಯಲಿಲ್ಲ.

ಯಂತ್ರ ತಪ್ಪಿರಬಹುದು, ನನ್ನ ನೆನಪೂ ತಪ್ಪಿರಬಹುದು. ಓದಿದ ಶಾಸ್ತ್ರವನ್ನೆಲ್ಲ ಹರವಿಕೊಂಡು ಕುಳಿತರೂ, ಆ ಪಂಚೆಯನ್ನು ಮಡಚಿದವರು ಯಾರೆಂದು ಇಂದಿಗೂ ಹೇಳಲಾರೆ. ಆದರೆ ಸಂಕಲ್ಪಕ್ಕೆ ಎಲ್ಲರ ಹೆಸರು, ಗೋತ್ರ ಕೇಳುವ ನಾನು ಕೆಲಸ ಕಳೆದುಕೊಂಡ ಆ ತಾಯಿಯ ಹೆಸರನ್ನು ಕೇಳಲಿಲ್ಲವೆಂಬುದು ನಿಶ್ಚಯ.

ಆ ವಧೂವರರು ಚೆನ್ನಾಗಿ ಬಾಳಲಿ. ಕರೆದೊಯ್ದ ಮನೆತನಕ್ಕೂ, ನಕ್ಕ ತಮ್ಮನಿಗೂ, ಆ ಮ್ಯಾನೇಜರನಿಗೂ ಒಳಿತಾಗಲಿ. ನನ್ನ ಪತ್ನಿಗೆ ಸದ್ಗತಿ ದೊರೆಯಲಿ. ಕೈಜೋಡಿಸಿ ನಿಂತಿದ್ದ ಆ ತಾಯಿ ಎಲ್ಲಿದ್ದರೂ ಆಕೆಗೆ ಮರ್ಯಾದೆಯ ಅನ್ನ ಸಿಗಲಿ.