ಕೋಟಿನ ಕಾಲರಿಗೆ ಒಂದು ಹನಿ

ಪ್ರಯೋಗಾಲಯದಲ್ಲಿ ಎಲ್ಲರೂ ಅವಳನ್ನು ಪತಂಗದಕ್ಕ ಎಂದೇ ಕರೆಯುತ್ತಿದ್ದರು. ಕಾಯಿ ಕೊರೆಯುವ ಹುಳುವಿನ ಹೆಣ್ಣು ಪತಂಗ ಗಂಡನ್ನು ಕರೆಯಲು ಬಿಡುವ ಗಂಧವನ್ನು ಗಾಜಿನ ಬುರುಡೆಯಲ್ಲಿ ತಯಾರಿಸುವುದು ಅವಳ ಕೆಲಸ. ಅದನ್ನು ಹೊಲದ ತುಂಬ ಹರಡಿದರೆ ಗಂಡು ಪತಂಗಗಳಿಗೆ ದಿಕ್ಕು ತಪ್ಪುತ್ತದೆ. ಜೋಡಿ ಸಿಗದಿದ್ದರೆ ಮೊಟ್ಟೆಯಿಲ್ಲ, ಹುಳುವಿಲ್ಲ. ವಿಷ ಹೊಡೆಯದೆಯೇ ಬೆಳೆ ಉಳಿಯುತ್ತದೆ. ಆದರೆ ಅಣುವಿನ ಒಂದು ತಿರುವು ಅತ್ತಿತ್ತಾದರೂ ಸಾಕು, ಪತಂಗ ಮೂಸಿಯೂ ನೋಡುವುದಿಲ್ಲ. ಆ ತಿರುವನ್ನು ಸರಿಯಾಗಿ ಕೂರಿಸುವಷ್ಟರಲ್ಲಿ ಅವಳ ಕೂದಲು ಬೆಳ್ಳಗಾಗಿತ್ತು.

ಮನುಷ್ಯರ ಮೂಗಿಗೆ ಆ ಗಂಧ ತಿಳಿಯದು. ಬಟ್ಟೆಗೆ ಹತ್ತಿದರೆ ಮಾತ್ರ ಜಪ್ಪಯ್ಯ ಅಂದರೂ ಬಿಡದು. ಸಂಜೆ ಅವಳು ಪ್ರಾರ್ಥನೆಗೆ ಕೂತರೆ ಕಿಟಕಿಯ ಗಾಜಿಗೆ ಪತಂಗಗಳು ಪಟಪಟ ಬಡಿಯುತ್ತಿದ್ದವು.

"ಅಳಿಯಂದಿರು ಬಂದ್ರು ನೋಡೇ, ಬಾಗಿಲು ತೆಗಿ," ಎಂದು ಗಂಡ ರೇಗಿಸುತ್ತಿದ್ದ.

ಆ ವರ್ಷ ಗಂಧ ಹೊಲದಲ್ಲಿ ಗೆದ್ದಿತು. ಕಟ್ಟಡದ ಬಾಗಿಲಲ್ಲಿ ಹಿತ್ತಾಳೆಯ ಫಲಕ ಬಂತು. ಕಂಡುಹಿಡಿದವರೆಂದು ಅದರಲ್ಲಿದ್ದದ್ದು ವಿಭಾಗದ ಮುಖ್ಯಸ್ಥನ ಹೆಸರೊಂದೇ.

"ಸಾರ್, ನನ್ನ ಹೆಸರು?"

"ಪಾತ್ರೆ ತೊಳೆದವರ ಹೆಸರೆಲ್ಲ ಹಾಕಿಸ್ತಾ ಹೋದ್ರೆ ಗೋಡೆ ಸಾಲಲ್ಲಮ್ಮ!"

ಸುತ್ತ ನಿಂತವರು ನಕ್ಕರು. ಆ ನಗು ಅವಳ ಎದೆಯಲ್ಲಿ ಮುಳ್ಳಿನಂತೆ ಮುರಿದು ಕೂತಿತು. ಈ ಸಿಟ್ಟು ಇಳಿಸಪ್ಪಾ ಎಂದು ದೇವರನ್ನು ಬೇಡಿಕೊಂಡಳು. ಇಳಿಯಲಿಲ್ಲ. ಆಮೇಲೆ ಬೇಡುವುದನ್ನೇ ಬಿಟ್ಟಳು.

ದೊಡ್ಡವರು ಹೊಲ ನೋಡಲು ಬರುವ ದಿನ ಮುಖ್ಯಸ್ಥನ ಹೊಸ ಕೋಟು ಪ್ರಯೋಗಾಲಯದ ಗೋಡೆಯ ಗೂಟಕ್ಕೆ ನೇತಾಡುತ್ತಿತ್ತು. ಗಾಜಿನ ಕಡ್ಡಿಯನ್ನು ಸೀಸೆಯಲ್ಲಿ ಅದ್ದಿ ಕಾಲರಿನ ಅಡಿಗೆ ಒಂದು ಹನಿ ಮುಟ್ಟಿಸಿದಳು.

ಹೊತ್ತು ಮುಳುಗುತ್ತಿದ್ದಂತೆ ಅವನು ಗಂಧ ಹರಡದ ಪಕ್ಕದ ಹೊಲದ ಬದುವಿನ ಮೇಲೆ ನಿಂತು ಭಾಷಣ ಶುರುಮಾಡಿದ. ಮೊದಲೊಂದು ಪತಂಗ ಕತ್ತಿನ ಮೇಲೆ ಕೂತಿತು. ಆಮೇಲೆ ಹೆಗಲು, ಕಿವಿ, ಮೀಸೆ. ಬಂದವರು ಎದ್ದು ನಿಂತು ಚಪ್ಪಾಳೆ ತಟ್ಟಿದರು.

"ಭೇಷ್! ಇದಕ್ಕಿಂತ ಸಾಕ್ಷಿ ಬೇಕೇನ್ರೀ?"

ಅವನು ಪತಂಗ ಉಗುಳುತ್ತಲೇ ಹಲ್ಲು ಕಿರಿದ. ಪತಂಗದಕ್ಕ ತುಟಿ ಕಚ್ಚಿಕೊಂಡಳು. ನಗೆಪಾಟಲಾಗಲಿ ಎಂದು ಹಚ್ಚಿದ್ದು ಅವನಿಗೆ ಕಿರೀಟವಾಗಿತ್ತು. ಆದರೂ ಆ ಗಂಧದ ಗುಣ ಬಲ್ಲವಳು ಅವಳು. ಕಾದಳು.

ಕೋಟಿನಿಂದ ಗಂಧ ಕಾರಿನ ಸೀಟಿಗೆ, ಸೀಟಿನಿಂದ ಸೋಫಾಕ್ಕೆ, ದಿಂಬಿಗೆ ಹತ್ತಿತು. ಸಂಜೆಯಾದರೆ ಅವನ ಮನೆಯ ಕಿಟಕಿ ತೆರೆಯುವಂತಿರಲಿಲ್ಲ. ಹೆಂಡತಿ ಬೇರೆ ಕೋಣೆಯಲ್ಲಿ ಹಾಸಿಗೆ ಹಾಸಿಕೊಂಡಳು.

ಅವನು ಇವಳ ಮೇಜಿನ ಹತ್ತಿರ ಬಂದ. "ಏನಮ್ಮಾ, ಇದನ್ನ ಹೋಗ್ಸೋದು ಹೇಗೆ?"

"ಕಂಡುಹಿಡಿದೋರು ನೀವು ಸಾರ್. ಪಾತ್ರೆ ತೊಳೆಯೋಳಿಗೇನು ಗೊತ್ತು?"

ವಾರ ಕಳೆದು ಮತ್ತೆ ಬಂದ. ಕಣ್ಣು ಕೆಂಪಗಾಗಿತ್ತು, ಮಾತು ಮೆತ್ತಗಾಗಿತ್ತು. "ನಿದ್ದೆ ಇಲ್ಲ. ದಯವಿಟ್ಟು ಹೇಳ್ರೀ."

"ಫಲಕದ ಮುಂದೆ ಎಲ್ಲರನ್ನೂ ಕರೆಸಿ, ಮಾಡಿದ್ದು ಯಾರು ಅಂತ ನೀವು ಹೇಳಿ. ಆಮೇಲೆ ನಂಗೆ ಗೊತ್ತಿರೋದು ನಾನು ಹೇಳ್ತೀನಿ."

ಹೇಳಿದ. ಅಂದು ನಕ್ಕವರೆಲ್ಲ ಇಂದು ನೆಲ ನೋಡುತ್ತ ಕೇಳಿಸಿಕೊಂಡರು. ಫಲಕ ಇಳಿಯಿತು. ಅವಳ ಹೆಸರು ಮೊದಲಿರುವ ಹೊಸದು ಏರಿತು.

"ಈಗ ಹೇಳಿ," ಎಂದ ಅವನು.

"ಹೋಗಲ್ಲ ಸಾರ್. ಸೀಟು, ಸೋಫಾ, ಹಾಸಿಗೆ ಎಲ್ಲ ಬಿಸಾಕಿ. ಅಷ್ಟು ಮಾಡಿದ್ರೂ ಒಂದೆರಡು ವರ್ಷ ಸಂಜೆ ಹೊರಗೆ ಕೂರೋ ಆಸೆ ಬಿಡಿ."

ಅವನು ಅವಳನ್ನೇ ದಿಟ್ಟಿಸಿದ. "ನೀನೇ ಹಚ್ಚಿದ್ದಾ?"

"ಹೂಂ ಸಾರ್. ಒಂದೇ ಹನಿ. ಅವತ್ತು ನಿಮಗೆ ಚಪ್ಪಾಳೆ ಬಿದ್ದಿದ್ದೂ ಅದಕ್ಕೇ," ಎಂದಳು ಪತಂಗದಕ್ಕ. "ಯಾರಿಗೆ ಬೇಕಾದ್ರೂ ಹೇಳ್ಕೊಳ್ಳಿ."